ಕಾರ್ತಿಕದ ಹಲಸಿನಕಾಯಿ

ನನ್ನ ಬಲಗೈಯ ಎರಡು ಬೆರಳು ಹೋದದ್ದು ಗೇರುಬೀಜದ ಫ್ಯಾಕ್ಟರಿಯ ಕಟ್ಟಿಂಗ್ ಮೆಷಿನಿನಲ್ಲಿ. ಇಷ್ಟನ್ನು ಕೋರ್ಟಿನ ಕಾಗದದಲ್ಲಿ ಬರೆಸಲು ನನಗೆ ಎರಡೂವರೆ ವರ್ಷ ಹಿಡಿಯಿತು. ತಡವಾದದ್ದಕ್ಕೆ ಫ್ಯಾಕ್ಟರಿಯ ಯಜಮಾನರಾದ ಧನಿಗಳನ್ನು ಬೈಯಬಹುದು, ವಾಯಿದೆಯ ಮೇಲೆ ವಾಯಿದೆ ಕೊಟ್ಟ ಕೋರ್ಟನ್ನೂ ಬೈಯಬಹುದು. ಆದರೆ ಮೊದಲು ಬೈಯಬೇಕಾದದ್ದು ನನ್ನನ್ನೇ. ಬೆರಳು ತುಂಡಾಗಿ ಒಂದು ಗಂಟೆ ಕಳೆಯುವ ಮೊದಲೇ, ಯಾರೂ ಹೆದರಿಸದೆ, ಇದು ಮನೆಯಲ್ಲಿ ಆದದ್ದು ಎಂದು ಡಾಕ್ಟರರಿಗೆ ಹೇಳಿದವಳು ನಾನು.

ನಮ್ಮದು ದೊಡ್ಡ ಫ್ಯಾಕ್ಟರಿಯೇನೂ ಅಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲಿ ಶೀಟು ಹಾಕಿದ ಎರಡು ಶೆಡ್ಡು. ಒಂದರಲ್ಲಿ ಬೀಜ ಬೇಯಿಸಿ ಕತ್ತರಿಸುವುದು, ಇನ್ನೊಂದರಲ್ಲಿ ಸಿಪ್ಪೆ ತೆಗೆದು ವಿಂಗಡಿಸುವುದು. ಕೆಲಸಕ್ಕೆ ಬರುವವರೆಲ್ಲ ಆಸುಪಾಸಿನ ಹೆಂಗಸರು. ನಾನು ಸೇರಿದ ಕಾಲಕ್ಕೆ ಕಾಲಿನಿಂದ ತುಳಿಯುವ ಕತ್ತರಿಯಲ್ಲಿ ಒಂದೊಂದೇ ಬೀಜ ಒಡೆಯುತ್ತಿದ್ದೆವು. ಆಮೇಲೆ ಕರೆಂಟಿನ ಮೆಷಿನು ಬಂತು. ಮೇಲಿನಿಂದ ಬೀಜ ಸುರಿದರೆ ಚೈನು ಅದನ್ನು ಬ್ಲೇಡುಗಳ ನಡುವೆ ಒಯ್ಯುತ್ತದೆ. ಗಾತ್ರದಲ್ಲಿ ತುಸು ಹೆಚ್ಚುಕಮ್ಮಿ ಇರುವ ಬೀಜ ಬಂದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಲೇಡಿನ ಮೇಲೆ ಒಂದು ತಗಡಿನ ಮುಚ್ಚಳ ಇತ್ತು. ಸಿಕ್ಕಿದ ಬೀಜ ತೆಗೆಯಬೇಕಾದರೆ ಮೆಷಿನು ನಿಲ್ಲಿಸಿ, ಬೋಲ್ಟು ಬಿಚ್ಚಿ, ಮುಚ್ಚಳ ಎತ್ತಬೇಕು. ದಿನಕ್ಕೆ ಹತ್ತಾರು ಸಲ ಹೀಗೆ ಮಾಡುತ್ತಾ ಕುಳಿತರೆ ಕೆಲಸ ಸಾಗುವುದಿಲ್ಲ ಎಂದು ರೈಟರ್ ಒಂದು ದಿನ ಮೆಕ್ಯಾನಿಕನನ್ನು ಕರೆಸಿ ಮುಚ್ಚಳವನ್ನೇ ಬಿಚ್ಚಿಸಿಬಿಟ್ಟರು. ರೈಟರ್ ಎಂದರೆ ಕೆಲಸದವರನ್ನೂ ಹಾಜರಿಯನ್ನೂ ನೋಡಿಕೊಳ್ಳುವವರು. ಮುಚ್ಚಳ ಹೋದದ್ದಕ್ಕೆ ನಾವ್ಯಾರೂ ತಕರಾರು ಮಾಡಲಿಲ್ಲ. ಗೋಡೆಗೆ ತಾಗಿಸಿ ಇಟ್ಟಿದ್ದ ಆ ತಗಡಿನ ಮೇಲೆ ನಮ್ಮ ಬುತ್ತಿಯ ಡಬ್ಬಿಗಳನ್ನು ಸಾಲಾಗಿ ಇಡುತ್ತಿದ್ದೆವು.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಬೆಳಗ್ಗಿನ ಚಹಾ ಆದ ಮೇಲೆ ಒಂದು ಬೀಜ ಸಿಕ್ಕಿಕೊಂಡಿತು. ಅಂಥ ಬೀಜವನ್ನು ಎಷ್ಟೋ ಸಾವಿರ ಸಲ ಕೈ ಹಾಕಿ ತೆಗೆದವಳು ನಾನು. ಆ ದಿನವೂ ಹಾಕಿದೆ. ನೋವು ಗೊತ್ತಾದದ್ದು ಆಮೇಲೆ. ಮೊದಲು ಗೊತ್ತಾದದ್ದು ಪಕ್ಕದಲ್ಲಿದ್ದವಳ ಮುಖ. ಅವಳು ನನ್ನ ಕೈಯನ್ನು ನೋಡಿ ರೈಟರನ್ನು ಕೂಗಿ ಕರೆದಳು. ರೈಟರ್ ಓಡಿ ಬಂದು ಸ್ವಿಚ್ಚು ಆರಿಸಿದರು. ತೋರುಬೆರಳು ಮತ್ತು ನಡುಬೆರಳು ಎರಡನೆಯ ಗಂಟಿನಿಂದ ಮೇಲಕ್ಕೆ ಇರಲಿಲ್ಲ.

ಕೈಗೆ ಟವೆಲು ಸುತ್ತಿ ನನ್ನನ್ನು ಧನಿಗಳ ಕಾರಿನಲ್ಲಿ ಮೂಡುಬಿದಿರೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾರು ಬಿಟ್ಟದ್ದು ರೈಟರ್. ಅರ್ಧ ದಾರಿ ಕಳೆದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು:

"ಅಲ್ಲಿ ಎಂತ ಹೇಳುವ ಅಕ್ಕ?"

ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಯಾರಿಗೆ ಏನು ಗಾಯವಾದರೂ ಆಸ್ಪತ್ರೆಯ ಬಾಗಿಲು ದಾಟುವಾಗ ಅದು ಮನೆಯ ಗಾಯವಾಗಿ ಬಿಡುತ್ತಿತ್ತು. ಬಾವಿಯ ರಾಟೆ, ಹಟ್ಟಿಯ ಕಲ್ಲು, ಬಚ್ಚಲಿನ ಪಾಚಿ, ದನದ ಕೊಂಬು. ಆಸ್ಪತ್ರೆಯ ಪುಸ್ತಕ ನೋಡಿದವರು ನಮ್ಮ ಊರಿನ ಹೆಂಗಸರಷ್ಟು ಎಚ್ಚರ ತಪ್ಪಿದವರು ಲೋಕದಲ್ಲೇ ಇಲ್ಲ ಎಂದುಕೊಳ್ಳಬೇಕು. ಪೊಲೀಸು, ಇಲಾಖೆ ಎಂದು ಧನಿಗಳಿಗೆ ಯಾಕೆ ತೊಂದರೆ, ಫ್ಯಾಕ್ಟರಿ ನಿಂತರೆ ಎಲ್ಲರ ಹೊಟ್ಟೆಗೂ ಕಷ್ಟ ಎಂಬುದು ನಮ್ಮ ಲೆಕ್ಕ. ನನ್ನ ಮದುವೆಗೆ ಧನಿಗಳು ಸೀರೆ ಕೊಟ್ಟಿದ್ದರು. ಅತ್ತೆಯ ಕಣ್ಣಿನ ಆಪರೇಷನ್ನಿಗೆ ಕಾರು ಕಳಿಸಿದ್ದರು. ರಕ್ತ ಸುರಿಯುವ ಕೈ ಹಿಡಿದುಕೊಂಡು ನಾನು ಆ ಸೀರೆಯನ್ನು, ಆ ಕಾರನ್ನು ನೆನೆಸಿಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ ನನಗೇ ಸಿಟ್ಟು ಬರುತ್ತದೆ.

ಆಸ್ಪತ್ರೆಯಲ್ಲಿದ್ದವರು ಒಬ್ಬ ಎಳೆಯ ಪ್ರಾಯದ ಹೆಂಗಸು ಡಾಕ್ಟರು, ಘಟ್ಟದ ಮೇಲಿನ ಬಾಗಲಕೋಟೆ ಕಡೆಯವರು. ಟವೆಲು ಬಿಚ್ಚಿದರು. ಗೇರುಬೀಜದ ಓಡಿನಲ್ಲಿ ಕಪ್ಪು ಎಣ್ಣೆ ಇರುತ್ತದೆ, ತಾಗಿದರೆ ಚರ್ಮ ಸುಡುತ್ತದೆ. ನನ್ನ ಅಂಗೈ ತುಂಬ ಅದೇ ಹಿಡಿದಿತ್ತು.

"ಇದೇನ್ರೀ ಕೈಗೆ ಅಂಟಂಟು?" ಎಂದು ಅವರು ಕೇಳಿದರು.

ಅಂಟು ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಹಲಸಿನ ಮೇಣ. "ಹಲಸಿನಕಾಯಿ ಕೊಯ್ಯುತ್ತಿದ್ದೆ ಡಾಕ್ಟರೇ, ಮನೆಯಲ್ಲಿ. ಮೆಟ್ಟುಕತ್ತಿ ತಾಗಿತು," ಎಂದೆ. ಮೆಟ್ಟುಕತ್ತಿ ಎಂದರೆ ಕಾಲಿನಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚುವ ಈಳಿಗೆ. ರೈಟರ್ ನೆಲ ನೋಡುತ್ತಾ ನಿಂತಿದ್ದರು. ಡಾಕ್ಟರು ಹಾಗೆಯೇ ಬರೆದುಕೊಂಡರು. ಕಾರ್ತಿಕ ಮಾಸದಲ್ಲಿ ನಮ್ಮ ಊರಿನ ಯಾವ ಮರದಲ್ಲೂ ಹಲಸಿನಕಾಯಿ ಇರುವುದಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ.

ಮಾರನೆಯ ದಿನ ಧನಿಗಳು ಒಂದು ಚೀಲ ಮುಸುಂಬಿ ತಂದರು. ಆಸ್ಪತ್ರೆಯ ಖರ್ಚು ನೋಡಿಕೊಂಡರು. "ಗುಣ ಆಗಲಿ, ನಿನ್ನ ಕೆಲಸ ಎಲ್ಲಿಗೂ ಹೋಗುವುದಿಲ್ಲ," ಎಂದರು. ನಾನು ಅದನ್ನು ನಂಬಿದೆ. ಅವರೂ ಆ ದಿನ ನಂಬಿಯೇ ಹೇಳಿರಬೇಕು. ಮೂರು ತಿಂಗಳ ಮೇಲೆ ಕೈ ಒಣಗಿ ಫ್ಯಾಕ್ಟರಿಗೆ ಹೋದಾಗ ರೈಟರ್ ಗೇಟಿನ ಹತ್ತಿರವೇ ಸಿಕ್ಕಿದರು. ಎರಡು ಬೆರಳಿಲ್ಲದೆ ಸಿಪ್ಪೆ ತೆಗೆಯಲಿಕ್ಕೆ ಆಗ್ತದಾ ಅಕ್ಕ, ಸ್ವಲ್ಪ ಸಮಯ ಮನೆಯಲ್ಲೇ ಇರಿ, ಹೇಳಿ ಕಳಿಸ್ತೇವೆ ಎಂದರು. ಹೇಳಿ ಕಳಿಸಲಿಲ್ಲ.

ಮನೆಯಲ್ಲಿ ನನಗಿಂತ ಹೆಚ್ಚು ಕುದಿಯುತ್ತಿದ್ದವರು ಅತ್ತೆ. ಆದರೆ ಅವರ ಸಿಟ್ಟು ಧನಿಗಳ ಮೇಲಲ್ಲ, ನನ್ನ ಮೇಲೆ. ನನ್ನ ಸುಳ್ಳು ಆಸ್ಪತ್ರೆಯಲ್ಲಿ ಉಳಿದಿರಲಿಲ್ಲ. ಊರಿಡೀ ತಿರುಗಿ, ಅತ್ತೆಯ ತವರಾದ ಬೆಳ್ತಂಗಡಿಯವರೆಗೂ ಹೋಗಿತ್ತು. ಅಲ್ಲಿಯ ಯಾವುದೋ ಮದುವೆಯಲ್ಲಿ ಒಬ್ಬಳು ಅತ್ತೆಯನ್ನು ಹಿಡಿದು, ಸೊಸೆಯ ಕೈಯಲ್ಲಿ ಅಷ್ಟು ಹರಿತದ ಕತ್ತಿ ಕೊಡುವುದಾ ಎಂದು ಕೇಳಿದ್ದಳಂತೆ. ಅತ್ತೆ ಊಟಕ್ಕೂ ನಿಲ್ಲದೆ ಬಂದಿದ್ದರು.

"ನಲವತ್ತು ವರ್ಷ ಆ ಕತ್ತಿಯಲ್ಲಿ ತರಕಾರಿ ಕೊಯ್ದಿದ್ದೇನೆ. ಒಂದು ಗೀರು ಆದದ್ದಿಲ್ಲ. ಈಗ ನನ್ನ ಅಡುಗೆಮನೆಯಲ್ಲಿ ಬೆರಳು ತುಂಡಾಯ್ತು ಅಂತ ಊರೆಲ್ಲ ಹೇಳ್ತದೆ," ಎಂದರು. ನಮ್ಮ ಮನೆಮಾತು ತುಳು. ಅವರು ತುಳುವಿನಲ್ಲಿ ಬೈದದ್ದನ್ನು ಪೂರ್ತಿ ಕನ್ನಡಕ್ಕೆ ತಂದರೆ ಓದಲಾಗದು. ಕೊನೆಗೆ ಹೇಳಿದ್ದು ಮಾತ್ರ ಬರೆಯುತ್ತೇನೆ: "ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗ ಇಲ್ಲ ಮಾರಾಯ್ತಿ. ಹೋಗಿ ಸರಿ ಮಾಡಿಕೊಂಡು ಬಾ."

ಎಲ್ಲಿಗೆ ಹೋಗುವುದು? ಅದು ಗೊತ್ತಾದದ್ದು ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ. ಕಾನೂನಿನ ಬಗ್ಗೆ ಹೇಳಲು ಒಬ್ಬರು ವಕೀಲೆ ಬಂದಿದ್ದರು. ಕೆಲಸದ ಜಾಗದಲ್ಲಿ ಗಾಯವಾದರೆ ಪರಿಹಾರ ಕೇಳುವುದು ಕೆಲಸದವರ ಹಕ್ಕು, ಧನಿಗಳ ದಯೆ ಅಲ್ಲ ಎಂದರು. ಗಾಯವಾದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಹೆಂಗಸರಿಗೆ ಕೋರ್ಟಿನಲ್ಲಿ ವಕೀಲರ ನೆರವು ಉಚಿತ ಎಂದೂ ಹೇಳಿದರು. ಉಳಿದವರು ಚಹಾಕ್ಕೆ ಎದ್ದರು. ನಾನು ವಕೀಲೆಯ ಎದುರು ಹೋಗಿ ಕೈ ಚಾಚಿದೆ.

ವಕೀಲೆ ಹೇಳಿದಂತೆ ಆಸ್ಪತ್ರೆಗೆ ಅರ್ಜಿ ಕೊಟ್ಟು ನನ್ನ ದಾಖಲೆಗಳ ನಕಲು ತೆಗೆಸಿದೆ. ಬಿ.ಸಿ.ರೋಡಿನ ಅವರ ಕಚೇರಿಯಲ್ಲಿ ಅದರ ಮೊದಲ ಪುಟ ಓದಿಯೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮನೆಯಲ್ಲಿ ಹಲಸಿನಕಾಯಿ ಕೊಯ್ಯುವಾಗ ಅಂತ ಉಂಟಲ್ಲ ಅಕ್ಕ. ಇದು ಹೇಗೆ ಬಂತು?"

"ನಾನೇ ಹೇಳಿದ್ದು."

ಅಲ್ಲಿ ನನ್ನ ಜೊತೆಗೆ ಬಂದಿದ್ದ ಸಂಘದ ಅಧ್ಯಕ್ಷೆ ಒಂದು ಉಪಾಯ ಸೂಚಿಸಿದಳು. ಡಾಕ್ಟರು ಘಟ್ಟದವರು, ನಮ್ಮ ಮಾತು ಅವರಿಗೆ ಸರಿಯಾಗಿ ತಿಳಿಯಲಿಲ್ಲ, ಏನೋ ಕೇಳಿ ಏನೋ ಬರೆದರು ಎಂದು ಹೇಳಿದರಾಯಿತಲ್ಲ ಎಂದಳು. ಒಂದು ಕ್ಷಣ ನನಗೂ ಆಸೆಯಾಯಿತು. ಸುಲಭದ ದಾರಿ. ಆದರೆ ಆ ಹುಡುಗಿ, ಡಾಕ್ಟರೆಂದ ಮಾತ್ರಕ್ಕೆ ಹುಡುಗಿ ಅಲ್ಲದೆ ಹೋಗುತ್ತಾರೆಯೇ, ಎರಡು ಗಂಟೆ ಬೆನ್ನು ಬಗ್ಗಿಸಿ ನನ್ನ ಕೈ ಹೊಲಿದಿದ್ದಳು. ನಡುನಡುವೆ "ಆಯ್ತು ಅಕ್ಕಾರ, ಇನ್ನೊಂದೇ" ಎನ್ನುತ್ತಿದ್ದಳು. ನನ್ನ ಸುಳ್ಳನ್ನು ಅವಳ ತಲೆಗೆ ಕಟ್ಟುವುದಾದರೆ ನನಗೂ ಆ ರೈಟರಿಗೂ ಏನು ವ್ಯತ್ಯಾಸ? "ಅದು ಬೇಡ," ಎಂದೆ. "ನಾನು ಹೇಳಿದ್ದು. ನಾನೇ ಅಲ್ಲ ಅಂತ ಹೇಳ್ತೇನೆ."

"ಕೋರ್ಟಿನಲ್ಲಿ ಸುಳ್ಳಿ ಅಂತಾರೆ," ಎಂದರು ವಕೀಲೆ.

"ಅನ್ನಲಿ. ಒಂದು ಸಲ ಹೇಳಿದ್ದು ಹೌದಲ್ಲ."

ಡಾಕ್ಟರು ಅಷ್ಟರಲ್ಲಿ ಉಜಿರೆಯ ಒಂದು ಆಸ್ಪತ್ರೆಗೆ ಹೋಗಿದ್ದರು. ವೇಣೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಬೆಳ್ತಂಗಡಿಗೆ, ಅಲ್ಲಿಂದ ಉಜಿರೆಗೆ ಹೋದೆ. ಕಾಲೇಜಿನ ಮಕ್ಕಳು ತುಂಬಿದ ಬಸ್ಸಿನಲ್ಲಿ ಎಡಗೈಯಿಂದ ಕಂಬಿ ಹಿಡಿದು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಪುಸ್ತಕದ ಕನ್ನಡದಲ್ಲಿ ಜೋಡಿಸುತ್ತಾ ಹೋದೆ. ಎದುರು ನಿಂತಾಗ ಜೋಡಿಸಿದ್ದೆಲ್ಲ ಹಾರಿಹೋಯಿತು. "ನಾನು ನಿಮಗೆ ಸುಳ್ಳು ಹೇಳಿದ್ದೇನೆ ಡಾಕ್ಟರೇ," ಎಂದೆ.

ಅವರು ನಕಲನ್ನು ತಿರುವಿ ನೋಡಿದರು. ಬರೆದದ್ದನ್ನು ಹೊಡೆದು ಹಾಕಲು ತನಗೆ ಅಧಿಕಾರವಿಲ್ಲ ಎಂದರು. ನನ್ನ ಮುಖ ಸಣ್ಣದಾದದ್ದನ್ನು ನೋಡಿ ಎರಡನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಇದನ್ನ ಯಾರೂ ಓದಿ ಹೇಳಿಲ್ಲೇನ್ರೀ ನಿಮಗ?" ಎಂದು ಓದಿ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರು. ಗಾಯದ ಸುತ್ತ ಕಪ್ಪು ಎಣ್ಣೆಯಂಥ ಅಂಟು, ಅದರ ಕೆಳಗೆ ಚರ್ಮ ಸುಟ್ಟು ಬೊಬ್ಬೆ ಎದ್ದಿದೆ. ಅವರು ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದರು. ನಾನು ಹೇಳಿದ್ದು ಮೊದಲ ಪುಟದಲ್ಲಿ, ನನ್ನ ಕೈ ಹೇಳಿದ್ದು ಎರಡನೆಯದರಲ್ಲಿ ಇತ್ತು. ಕೋರ್ಟು ಕರೆದರೆ ಬಂದು ಇಷ್ಟನ್ನು ಹೇಳುತ್ತೇನೆ ಎಂದರು. ಅಲ್ಲೇ ಬೆಂಚಿನ ಮೇಲೆ ಕುಳಿತು ನಾನು ಸ್ವಲ್ಪ ಅತ್ತುಬಿಟ್ಟೆ. ಬೆರಳು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅರ್ಜಿ ಬಿತ್ತು. ನೋಟೀಸು ಧನಿಗಳ ಕೈ ಸೇರಿದ ವಾರವೇ ರೈಟರ್ ನಮ್ಮ ಅಂಗಳಕ್ಕೆ ಬಂದರು. ನಾನು ಆಗ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ, ಎಡಗೈಯಲ್ಲಿ ಈರುಳ್ಳಿ ಹೆಚ್ಚಲು ಕಲಿತಿದ್ದೆ. ಅತ್ತೆ ಅವರಿಗೆ ಕುಳಿತುಕೊಳ್ಳಲು ಹೇಳಿದರು, ಚಹಾ ಕೊಡಲಿಲ್ಲ. ನಮ್ಮಲ್ಲಿ ಅದರ ಅರ್ಥ ಬರುವವರಿಗೂ ಗೊತ್ತು.

ಅವರು ಕಿಸೆಯಿಂದ ಟೈಪು ಮಾಡಿದ ಒಂದು ಕಾಗದ ತೆಗೆದರು. ಮೊತ್ತ ಕಡಿಮೆಯೇನೂ ಇರಲಿಲ್ಲ. ಕೋರ್ಟಿನಲ್ಲಿ ಅಷ್ಟು ಸಿಗುತ್ತದೆ ಎಂದು ವಕೀಲೆಯೂ ಹೇಳಿರಲಿಲ್ಲ. ಆದರೆ ಕಾಗದದಲ್ಲಿ ಇನ್ನೊಂದು ಮಾತಿತ್ತು. ಸ್ವಂತ ಮನೆಯಲ್ಲಿ ಆದ ಆಕಸ್ಮಿಕದಿಂದ ಕೈಗೆ ಪೆಟ್ಟಾಗಿದ್ದು, ಹಳೆಯ ಕೆಲಸದವಳೆಂಬ ಕನಿಕರದಿಂದ ಧನಿಗಳು ಸಹಾಯ ಮಾಡುತ್ತಿದ್ದಾರೆ ಎಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಒಂದು ಸೈನು ಹಾಕಿದ್ರೆ ಮುಗೀತು ಅಕ್ಕ. ಕೋರ್ಟು ಕಚೇರಿ ಅಂತ ತಿರುಗುವುದು ಬೇಡ. ಧನಿಗಳಿಗೂ ಬೇಜಾರುಂಟು."

"ಮನೆಯಲ್ಲಿ ಅಂತ ಇರುವುದನ್ನು ತೆಗೆದು ಫ್ಯಾಕ್ಟರಿಯಲ್ಲಿ ಅಂತ ಬರೀರಿ. ಈಗಲೇ ಹಾಕ್ತೇನೆ," ಎಂದೆ.

"ಅದು ಆಗುವುದಿಲ್ಲ. ಅದನ್ನು ಬರೆದ್ರೆ ನಾಳೆ ಎಲ್ಲರೂ ಬರ್ತಾರೆ."

"ಬರಲಿ ಅಲ್ವಾ?"

ರೈಟರ್ ಅತ್ತೆಯ ಮುಖ ನೋಡಿದರು. ಹಿರಿಯರಾದರೂ ಬುದ್ಧಿ ಹೇಳಿಯಾರು ಎಂಬ ಆಸೆ. ಅತ್ತೆ ಒಳಗೆ ಹೋಗಿ ಮೆಟ್ಟುಕತ್ತಿ ತಂದು ಅವರ ಎದುರು ಜಗಲಿಯಲ್ಲಿ ಇಟ್ಟರು. "ಇದೇ ಅಲ್ವಾ ಬೆರಳು ತುಂಡು ಮಾಡಿದ್ದು? ಇದರ ಹತ್ತಿರವೇ ಸೈನು ಹಾಕಿಸಿಕೊಳ್ಳಿ," ಎಂದರು. ರೈಟರ್ ಕಾಗದ ಮಡಚಿಕೊಂಡು ಎದ್ದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಆ ರಾತ್ರಿಯ ಊಟದ ಹೊತ್ತಿಗೆ ಹೆದರಿಕೆಯೂ ಆಯಿತು. ಕೈಗೆ ಬಂದ ತುತ್ತನ್ನು ತಳ್ಳಿದ್ದೆ. ಲಾರಿ ಓಡಿಸುವ ನನ್ನ ಗಂಡ ಫೋನಿನಲ್ಲಿ ವಿಷಯ ಕೇಳಿ, ಮೊತ್ತ ಎಷ್ಟೆಂದು ಎರಡು ಸಲ ವಿಚಾರಿಸಿದರು. ಆಮೇಲೆ, ನಿನ್ನ ಕೈ, ನೀನೇ ನೋಡಿಕೋ ಎಂದರು. ಅದನ್ನು ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ನನ್ನ ವಿಚಾರಣೆ ಬಂದ ದಿನ ಬಿ.ಸಿ.ರೋಡಿನಲ್ಲಿರುವ ಬಂಟ್ವಾಳದ ಕೋರ್ಟಿನ ಬೆಂಚುಗಳಲ್ಲಿ ಜಾಗದ ತಕರಾರಿಗೆ ಬಂದ ಮುದುಕರೇ ತುಂಬಿದ್ದರು. ಡಾಕ್ಟರು ಹಿಂದಿನ ವಾಯಿದೆಯಲ್ಲೇ ಬಂದು ಎರಡೂ ಪುಟದ ವಿಷಯ ಹೇಳಿ ಹೋಗಿದ್ದರು. ಧನಿಗಳ ವಕೀಲರು ನನ್ನನ್ನು ನಿಲ್ಲಿಸಿ ಮೊದಲ ಪುಟವನ್ನು ಜೋರಾಗಿ ಓದಿದರು. ತಾರೀಕು ಹೇಳಿ, "ಹಲಸಿನಕಾಯಿ ಕೊಯ್ಯುವಾಗ" ಎಂದು ಓದುತ್ತಿದ್ದ ಹಾಗೆ ಹಿಂದಿನ ಬೆಂಚಿನಲ್ಲಿ ಒಬ್ಬರು ನಕ್ಕರು. ನಗು ಪಕ್ಕದವರಿಗೂ ಹಬ್ಬಿತು. ನ್ಯಾಯಾಧೀಶರು ಬೇರೆ ಜಿಲ್ಲೆಯವರು. ಏನಾಯಿತು ಎಂದು ಗದರಿಸಿ ಕೇಳಿದರು. ಎದುರು ಕುಳಿತಿದ್ದ ಗುಮಾಸ್ತರು ಎದ್ದು, ಆ ಸಮಯದಲ್ಲಿ ಇಲ್ಲಿ ಹಲಸಿನಕಾಯಿ ಆಗುವುದಿಲ್ಲ ಎಂದು ವಿನಯದಿಂದ ತಿಳಿಸಿದರು. ನ್ಯಾಯಾಧೀಶರು ನನ್ನ ಕಡೆ ತಿರುಗಿದರು.

ಧನಿಗಳ ವಕೀಲರು ಸುಲಭಕ್ಕೆ ಬಿಡುವವರಲ್ಲ. "ಅಂದರೆ ನೀವು ಡಾಕ್ಟರಿಗೇ ಸುಳ್ಳು ಹೇಳಿದವರು. ಇವತ್ತು ಇಲ್ಲಿ ಹೇಳುವುದು ನಿಜ ಅಂತ ಯಾಕೆ ನಂಬಬೇಕು?" ಎಂದು ಕೇಳಿದರು.

ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. "ಹೌದು, ನಾನು ಸುಳ್ಳು ಹೇಳಿದ್ದೇನೆ. ಧನಿಗಳಿಗೆ ತೊಂದರೆ ಆಗಬಾರದು ಅಂತ ಹೇಳಿದೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ಹೇಳುವುದು. ಅದರಿಂದ ನನಗೆ ಸಿಕ್ಕಿದ್ದು ಒಂದು ಚೀಲ ಮುಸುಂಬಿ. ಈ ನಿಜ ಹೇಳಲಿಕ್ಕೆ ಬಂದದ್ದಕ್ಕೆ ಮುಸುಂಬಿಯೂ ಇಲ್ಲ, ಕೆಲಸವೂ ಇಲ್ಲ. ಮನೆಯಲ್ಲಿ ಅಂತ ಸೈನು ಹಾಕಿದರೆ ಹೆಚ್ಚು ಹಣ ಕೊಡ್ತೇವೆ ಅಂದರು, ಹಾಕಲಿಲ್ಲ. ಸುಳ್ಳು ಹೇಳುವವಳಾಗಿದ್ದರೆ ಆ ದಿನವೇ ಹಾಕುತ್ತಿದ್ದೆ." ಆಮೇಲೆ ನನ್ನ ಕೈಯನ್ನು ಕಟಕಟೆಯ ಮೇಲೆ ಇಟ್ಟೆ. ಮುಚ್ಚಳವನ್ನು ಯಾರು ಬಿಚ್ಚಿಸಿದರು, ಎಲ್ಲಿ ಇಟ್ಟರು, ಅದರ ಮೇಲೆ ನಾವು ಏನು ಇಡುತ್ತಿದ್ದೆವು ಎಂಬುದನ್ನೂ ಹೇಳಿದೆ. ನಮ್ಮ ತಪ್ಪನ್ನು ಬಿಟ್ಟು ಹೇಳಲಿಲ್ಲ. ಧನಿಗಳು ಬಾಗಿಲ ಹತ್ತಿರ ನಿಂತಿದ್ದರು. ಮುದಿಯಾಗಿದ್ದರು. ಅವರನ್ನು ಕಂಡು ಪಾಪ ಅನ್ನಿಸಿತು, ಆದರೂ ಮಾತು ನಿಲ್ಲಿಸಲಿಲ್ಲ.

ತೀರ್ಪಿಗೆ ಮತ್ತೆ ನಾಲ್ಕು ತಿಂಗಳು. ಧನಿಗಳು ಬೆಂಗಳೂರಿಗೆ ಅಪೀಲು ಹೋಗಬಹುದು ಎಂದು ವಕೀಲೆ ಮೊದಲೇ ಎಚ್ಚರಿಸಿದರು. ಹೋದರೆ ಹೋಗಲಿ, ನಾನೂ ಬರ್ತೇನೆ ಎಂದೆ. ಅವರು ನಕ್ಕು ತೀರ್ಪಿನ ನಕಲಿನಲ್ಲಿ ಒಂದು ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟರು. ಅರ್ಜಿದಾರಳಿಗೆ ಆದ ಗಾಯವು ಆಕೆ ಎದುರುದಾರರ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಕೆಲಸದ ಕಾರಣದಿಂದಲೇ, ಯಂತ್ರದಿಂದ ಆದದ್ದು. ಮೊತ್ತ ಎಷ್ಟೆಂದು ನೋಡುವ ಮೊದಲು ಅದನ್ನು ಮೂರು ಸಲ ಓದಿದೆ. ಮನೆಗೆ ಬಂದು ಅತ್ತೆಗೂ ಓದಿ ಹೇಳಿದೆ. ಅವರು "ಹ್ಞೂಂ" ಎಂದರು. ಸಂಜೆಯ ಹೊತ್ತಿಗೆ ಬೆಳ್ತಂಗಡಿಗೆ ಫೋನು ಮಾಡುತ್ತಿದ್ದರು.

ಮಾರನೆಯ ದಿನ ಐದೂವರೆಗೆ ನಾನು ಫ್ಯಾಕ್ಟರಿಯ ಎದುರಿನ ಬಸ್ಸು ನಿಲ್ದಾಣಕ್ಕೆ ಹೋದೆ. ಕೆಲಸ ಬಿಟ್ಟ ಹೆಂಗಸರು ಎಂದಿನಂತೆ ಗುಂಪಾಗಿ ಬಂದರು. ಕೆಲವರು ನಗಾಡಿದರು, ಕೆಲವರು ಗೇಟಿನ ಕಡೆ ನೋಡಿ ನನ್ನಿಂದ ತುಸು ದೂರ ನಿಂತರು. ನಾನು ಕಾಗದ ಬಿಚ್ಚಿ, ಗೆರೆ ಎಳೆದ ವಾಕ್ಯವನ್ನು ಗಟ್ಟಿಯಾಗಿ ಓದಿ, ತುಳುವಿನಲ್ಲಿ ಮತ್ತೊಮ್ಮೆ ಹೇಳಿದೆ. ಮೆಷಿನಿನ ಮೇಲೆ ಈಗಲಾದರೂ ಮುಚ್ಚಳ ಉಂಟಾ ಎಂದು ಕೇಳಿದೆ. ಹೋದ ತಿಂಗಳು ಹಾಕಿದರು ಎಂದು ಒಬ್ಬಳು ಹೇಳಿದಳು.

ಆಗ ಹಿಂದಿನಿಂದ ಒಬ್ಬಳು ಮುಂದೆ ಬಂದಳು. ನಾನು ಬಿಟ್ಟ ಮೇಲೆ ಕೆಲಸಕ್ಕೆ ಸೇರಿದವಳು, ಮುಖಪರಿಚಯ ಮಾತ್ರ. ಎಡಗೈ ಚಾಚಿದಳು. ಉಂಗುರದ ಬೆರಳು ಸೊಟ್ಟಗಾಗಿ ಒಳಗೆ ಮಡಚಿಕೊಂಡಿತ್ತು.

"ಇದು ಮನೆಯ ಬಾಗಿಲಿಗೆ ಸಿಕ್ಕಿದ್ದಲ್ಲ ಅಕ್ಕ."

"ಯಾವಾಗ ಆದದ್ದು?"

"ಹೋದ ವರ್ಷ. ಶಿವರಾತ್ರಿಯ ಮರುದಿನ."

ನಾನು ತಿಂಗಳು ಎಣಿಸಿ ನೋಡಿದೆ. ಎರಡು ವರ್ಷ ಆಗಿರಲಿಲ್ಲ.

"ಆಸ್ಪತ್ರೆಯ ಚೀಟಿ ಉಂಟಾ?"

"ಉಂಟು. ಆದ್ರೆ ಅದ್ರಲ್ಲಿ ಬಾಗಿಲು ಅಂತ ಬರ್ದಿದ್ದಾರೆ. ನಾನೇ ಹೇಳಿದ್ದು."

"ಇರಲಿ. ಅದನ್ನೇ ತಕ್ಕೊಂಡು ಬಾ. ನಾಳೆ ಹತ್ತು ಗಂಟೆಗೆ ಬಿ.ಸಿ.ರೋಡಿನಲ್ಲಿ, ಕೋರ್ಟಿನ ಗೇಟಿನ ಹತ್ತಿರ ನಾನು ನಿಂತಿರ್ತೇನೆ."

ಅವಳು ಫ್ಯಾಕ್ಟರಿಯ ಕಡೆ ತಿರುಗಿ ನೋಡಿದಳು. ರೈಟರ್ ಗೇಟಿಗೆ ಬೀಗ ಹಾಕುತ್ತಾ ನಮ್ಮನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬಸ್ಸು ಬಂತು. ಅವಳು ಮೆಟ್ಟಿಲಿಗೆ ಕಾಲಿಟ್ಟು, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಬರ್ತೇನೆ ಅಕ್ಕ," ಎಂದಳು.